ಯಾರೂ ಸ್ವಂತ ಏರ್ಪಾಡು ಮಾಡಿಕೊಳ್ಳಕೂಡದು

ಜೂನ್ ೩, ಸೋಮವಾರ

ಕೊಡುತ್ತೇವೆ ಎಂದದ್ದು: ನಾವು ದುಡಿಯುವ ಆಸ್ಪತ್ರೆ ಲಾಂಡ್ರಿಯ ಹಿಂದಿನ ಉಗ್ರಾಣ ಖಾಲಿ ಮಾಡಿ, ಶಾಲೆ ಬಿಟ್ಟ ಮಕ್ಕಳಿಗೆ ಒಂದು ಕೋಣೆ. ನೋಡಿಕೊಳ್ಳಲು ಒಬ್ಬ ಆಯಾ. ಕುಡಿಯುವ ನೀರು. ಮಕ್ಕಳ ಅಳತೆಯ ಕಕ್ಕಸು. ಗಾಳಿಗೆ ಎರಡು ಕಿಟಕಿ. ಶಾಲೆ ಶುರುವಾದ ದಿನವೇ ಬಾಗಿಲು ತೆರೆಯುವುದು.

ಕೊಡದೆ ಇದ್ದದ್ದು: ಕೋಣೆ. ಆಯಾ. ನೀರು. ಕಕ್ಕಸು. ಕಿಟಕಿ. ಬಂದದ್ದು ಉಗ್ರಾಣದ ಬಾಗಿಲಿಗೆ ಒಂದು ಹೊಸ ಬೀಗ. ಒಳಗೆ ಆಸ್ಪತ್ರೆಯ ಮುರಿದ ಮಂಚಗಳು ಕಾಲು ಮೇಲೆ ಮಾಡಿಕೊಂಡು ಆರಾಮಾಗಿ ಮಲಗಿವೆ.

ಮಗಳು ಬಟಾಣಿ ಇವತ್ತು ಒಂದನೇ ತರಗತಿಗೆ ಹೋದಳು. ಗೇಟಿನ ಹತ್ತಿರ ಉಳಿದ ಮಕ್ಕಳೆಲ್ಲ ಗೋಳೋ ಎಂದು ಅಳುತ್ತಿದ್ದರೆ ಇವಳು ಒಬ್ಬೊಬ್ಬರ ಮುಖ ನೋಡಿ, “ಇವರಿಗೆಲ್ಲ ಏನಾಯ್ತಮ್ಮಾ?” ಅಂದಳು. ನನಗೆ ಹೆಮ್ಮೆ. ಪಾಳಿಗೆ ತಡವಾಗುತ್ತದೆಂದು ಬೆನ್ನು ಹಾಕಿ ನಡೆದೆ. ತಿರುಗಿ ನೋಡಲಿಲ್ಲ.

ಶಾಲೆ ಬಿಡುವುದು ಮೂರಕ್ಕೆ. ನಮ್ಮ ಪಾಳಿ ಮುಗಿಯುವುದು ಆರಕ್ಕೆ. ನಡುವಿನ ಹೊತ್ತು ಯಾರದು? ಮ್ಯಾನೇಜರನನ್ನು ಕೇಳಿದರೆ “ಪರಿಶೀಲನೆಯಲ್ಲಿದೆ” ಎನ್ನುತ್ತಾನೆ. ಮಗುವನ್ನು ಪರಿಶೀಲನೆಯಲ್ಲಿ ಇಟ್ಟು ಬರಲಿಕ್ಕಾಗುತ್ತದೆಯೇ?

ಬಟಾಣಿಯ ಅಪ್ಪ, ಇವನು, ಈ ವಾರ ತಾನು ದುಡಿಯುವ ಬೇಕರಿಯ ಸಂಜೆಯ ಒಲೆಗೆ ರಜೆ ಹೇಳಿದ್ದಾನೆ. ಬರುವ ವಾರ ಕೊಡುವುದಿಲ್ಲವಂತೆ. ಅಷ್ಟರೊಳಗೆ ಜಾಗ ಹುಡುಕಬೇಕು.

ಜೂನ್ ೬, ಗುರುವಾರ

ಪಾಳಿ ಮುಗಿಸಿ ಉದ್ದಕ್ಕನ ಜೊತೆ ಜಾಗ ನೋಡಲು ಹೋದೆ. ಅವಳ ಮಗ ಡುಮ್ಮನೂ ಬಟಾಣಿಯ ತರಗತಿಯೇ. ಮಕ್ಕಳಿಬ್ಬರನ್ನೂ ಮುಂದೆ ಬಿಟ್ಟುಕೊಂಡು ಮೂರು ಮನೆ ಹತ್ತಿ ಇಳಿದೆವು.

ಉದ್ದಕ್ಕ ಮತ್ತು ನಾನು ಬಿಸಿ ರೋಲರಿನ ಜೋಡಿ. ಒದ್ದೆ ಚಾದರದ ಒಂದು ಅಂಚು ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎಳೆದು ನೆಟ್ಟಗೆ ಮಾಡಿ, ಇಬ್ಬರೂ ಒಂದೇ ಕ್ಷಣಕ್ಕೆ ರೋಲರಿನ ಬಾಯಿಗೆ ಬಿಡಬೇಕು. ಒಬ್ಬಳು ಕೂದಲೆಳೆಯಷ್ಟು ಮುಂಚೆ ಬಿಟ್ಟರೂ ಚಾದರ ಸೊಟ್ಟ ಹೋಗಿ ಸುಕ್ಕಿನಲ್ಲೇ ಒಣಗುತ್ತದೆ. “ಬಿಡು” ಎಂದು ನಾವು ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ಅವಳ ಭುಜ ಇಳಿಯುವುದನ್ನು ನೋಡಿದರೆ ನನ್ನ ಬೆರಳು ತಾನಾಗಿ ಸಡಿಲುತ್ತದೆ.

ಮೊದಲು ಮುಖ್ಯ ರಸ್ತೆಯ ಮಕ್ಕಳ ಮನೆ. ಗೋಡೆ ತುಂಬ ಬಾತುಕೋಳಿಗಳು. ಒಳಗೆ ಮಕ್ಕಳು ಟೀವಿಯ ಮುಂದೆ ಸಾಲಾಗಿ ಕೂತಿದ್ದವು. ನಾವು ಬಂದದ್ದಕ್ಕೆ ಒಂದು ಕತ್ತೂ ತಿರುಗಲಿಲ್ಲ. ಹೊರಗೆ ಬಂದು ಉದ್ದಕ್ಕ ಅಂದಳು: “ಬಾತುಕೋಳಿಗಳಾದ್ರೂ ಗೋಡೆ ಮೇಲೆ ಓಡಾಡ್ತಾವೆ. ಮಕ್ಕಳಿಗೆ ಅದೂ ಇಲ್ಲ.”

ಆಮೇಲೆ ನನ್ನ ಅತ್ತಿಗೆಯ ಮನೆ. ಕೇಳುವ ಮೊದಲೇ ಅವಳ ಸೊಂಟದ ನೋವು ಶುರುವಾಯಿತು. ನೋವಿನ ಕಥೆ ಮುಗಿಯುವ ಹೊತ್ತಿಗೆ ನಮ್ಮ ಪ್ರಶ್ನೆ ಪ್ರಾಣ ಬಿಟ್ಟಿತ್ತು.

ಕೊನೆಗೆ ಶಾಲೆಯ ಹಿಂದಿನ ಬೀದಿಯ ಟೇಲರ್ ಅಜ್ಜಿ. ಒಂದು ಮುಂಗೋಣೆ, ಕಿಟಕಿಗೆ ಆತುಕೊಂಡ ಹೊಲಿಗೆ ಮೆಷಿನ್ನು, ನೆಲದ ತುಂಬ ಬಟ್ಟೆಯ ಚೂರು. ಅವಳು ನಮ್ಮನ್ನು ಏನೂ ಕೇಳಲಿಲ್ಲ. ಬಟಾಣಿಯನ್ನು ಕೇಳಿದಳು.

“ಮಧ್ಯಾಹ್ನ ನಿದ್ದೆ ಬರುತ್ತಾ ನಿಂಗೆ?”

“ಬರಲ್ಲ.”

“ನಂಗೆ ಬರುತ್ತೆ. ಮೆಷಿನ್ ಮೇಲೇ ತೂಕಡಿಸ್ತೀನಿ. ನಾನು ತೂಕಡಿಸಿದಾಗ ನೀನು ಕಾವಲು. ಆಗುತ್ತಾ?”

ದಾರಿಯುದ್ದಕ್ಕೂ ಬಟಾಣಿ ಡುಮ್ಮನಿಗೆ ಹೇಳುತ್ತಿದ್ದಳು: “ನಾನು ಕಾವಲು. ನೀನಲ್ಲ. ನೀನು ಬರೀ ಮಗು.”

ಒಳ್ಳೆಯ ಜಾಗ. ಸೋಮವಾರದಿಂದ ಎಂದು ಹೇಳಿ ಬಂದೆವು.

ಜೂನ್ ೭, ಶುಕ್ರವಾರ

ಸಭೆ. ಮ್ಯಾನೇಜರ್ ಕೊಟ್ಟ ಉತ್ತರವನ್ನು ಯೂನಿಯನ್ ಕಾರ್ಯದರ್ಶಿ ಓದಿ ಹೇಳಿದ: “ಬಹುತೇಕ ನೌಕರರು ತಮ್ಮ ಮಕ್ಕಳಿಗೆ ಸ್ವಂತ ಏರ್ಪಾಡು ಮಾಡಿಕೊಂಡಿರುವುದರಿಂದ ಕೋಣೆಯ ತುರ್ತು ಕಾಣುವುದಿಲ್ಲ.”

ಎದ್ದು ನಿಂತು ಹೇಳಿದೆ. ನಾವು ಅಲ್ಲಿ ಇಲ್ಲಿ ಕೈಕಾಲು ಹಿಡಿದು ಮಕ್ಕಳನ್ನು ಬಿಟ್ಟು ಬಂದರೆ ಅದೇ ಅವನಿಗೆ ಸಾಕ್ಷಿ. ಸ್ವಂತ ಏರ್ಪಾಡು ಮಾಡಿಕೊಂಡವರೆಲ್ಲ ಅವನ ಕೈಗೆ ಕೋಲು ಕೊಟ್ಟವರು. ನಿರ್ಣಯ ಮಾಡೋಣ: ಕೋಣೆ ತೆರೆಯುವವರೆಗೆ ಯಾರೂ ಸ್ವಂತ ಏರ್ಪಾಡು ಮಾಡಿಕೊಳ್ಳಕೂಡದು. ಮಕ್ಕಳು ಯೂನಿಯನ್ ಆಫೀಸಿನಲ್ಲಿ ಕೂರಲಿ. ಊರು ನೋಡಲಿ.

ಚಪ್ಪಾಳೆ. ಕೈಗಳು ಎದ್ದವು. ಎಲ್ಲರಿಗಿಂತ ಮೇಲೆ ಹೋಗುವ ಉದ್ದಕ್ಕನ ಕೈ ಇವತ್ತು ಕೊನೆಗೆ ಎದ್ದಿತು.

ಮನೆಗೆ ಹೋಗುವಾಗ ಕೇಳಿದಳು: “ಟೇಲರ್ ಅಜ್ಜಿಗೆ ಏನು ಹೇಳೋದು?”

“ಹೋರಾಟ ಅಂತ ಹೇಳು.”

“ಮಕ್ಕಳಿಗೆ?”

“ಅದನ್ನೇ.”

“ಹೆರಿಗೆ ನೋವಲ್ಲೂ ನರ್ಸ್ ಮುಂದೆ ಬೇಡಿಕೆ ಇಟ್ಟವಳು ನೀನು. ನಿಂಗೆ ಏನು ಹೇಳಲಿ ನಾನು!” ಎಂದು ನಕ್ಕಳು. ನಾನೂ ನಕ್ಕೆ.

ಜೂನ್ ೧೦, ಸೋಮವಾರ

ಆಫೀಸು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಕಡಿದಾದ ಮೆಟ್ಟಿಲು. ಒಳಗೆ ಬೆಂಚು, ಬಣ್ಣದ ಡಬ್ಬಿ, ಧ್ವನಿವರ್ಧಕದ ಪೆಟ್ಟಿಗೆ, ಕೋಲಿಗೆ ಸುತ್ತಿಟ್ಟ ಬಾವುಟಗಳು. ಬೀಗದ ಮಾವ ನೋಡಿಕೊಳ್ಳುತ್ತಾನೆ. ಒಂದು ಕಾಲದಲ್ಲಿ ನಮ್ಮ ಬಾಯ್ಲರ್ ನಡೆಸುತ್ತಿದ್ದವನು, ಈಗ ಆಫೀಸಿನ ಕೀಲಿ ಅವನ ಸೊಂಟದಲ್ಲಿ. ಬಟಾಣಿಯನ್ನು ಅವಳ ಅಪ್ಪ ಶಾಲೆಯಿಂದ ಕರೆತಂದು ಅಲ್ಲಿ ಬಿಟ್ಟು ಸಂಜೆಯ ಒಲೆಗೆ ಹೋಗುವುದು, ನಾನು ಪಾಳಿ ಮುಗಿಸಿ ಕರೆದುಕೊಳ್ಳುವುದು. ಹೀಗೆಂದು ತೀರ್ಮಾನ.

ನಾನು ಹೋದಾಗ ಮಕ್ಕಳು ಅಲ್ಲೊಂದು ಇಲ್ಲೊಂದು ಬಿದ್ದುಕೊಂಡಿದ್ದವು. ಬಟಾಣಿ ಬಾವುಟದ ರಾಶಿಯ ಮೇಲೆ ಮಲಗಿದ್ದಳು. ಬಣ್ಣ ಬಿಟ್ಟು ಕೆನ್ನೆಗೆ ಹತ್ತಿತ್ತು. ಚಂದ ಕಂಡಿತು.

ಇವನಿಗೆ ಹೇಳಿದರೆ, “ಚಂದ ಅಲ್ಲ ನಾಯಕಿ, ಅದು ಬೆವರು. ಅಲ್ಲಿ ಕಿಟಕಿ ಇಲ್ಲ” ಅಂದ.

“ಕಿಟಕಿಗೇ ಅಲ್ವಾ ಹೋರಾಟ?”

ವಾದದಲ್ಲಿ ನನ್ನ ಎದುರು ನಿಲ್ಲುವುದು ಇವನಿಂದ ಆಗುವುದಿಲ್ಲ.

ಜೂನ್ ೧೩, ಗುರುವಾರ

ಬಟಾಣಿ ಬಟ್ಟೆಯಲ್ಲೇ ಮಾಡಿಕೊಂಡಿದ್ದಳು. ಕಕ್ಕಸು ಕೆಳಗೆ, ಸೈಕಲ್ ಅಂಗಡಿಯ ಹಿಂದೆ. ಮೆಟ್ಟಿಲು ಇಳಿಯಲು ಹೆದರಿಕೆಯಂತೆ.

“ಧೈರ್ಯ ಬೇಕು ಕಂದಾ” ಅಂದೆ.

“ಎಲ್ಲಿ ಸಿಗುತ್ತೆ?” ಅಂದಳು.

ಇವನು ಎದ್ದು ಒಳಗೆ ಹೋದ.

ಜೂನ್ ೨೦, ಗುರುವಾರ

ಬರೆಯಲು ಪುರುಸೊತ್ತಿರಲಿಲ್ಲ. ಕರಪತ್ರ, ಗೇಟು ಸಭೆ, ಮತ್ತೆ ಕರಪತ್ರ. ಗಂಟಲು ಕೂತಿದೆ.

ಬಟಾಣಿ ಒಗ್ಗಿಕೊಂಡಿದ್ದಾಳೆ! ಈ ವಾರ ಒಂದು ದಿನವೂ ಅತ್ತಿಲ್ಲ. ನಾನು ಹೋಗುವ ಹೊತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು, ತಲೆ ಬಾಚಿಕೊಂಡು, ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಇವತ್ತು ನೋಡುತ್ತೇನೆ, ಉಗುರು ಕೂಡ ಕತ್ತರಿಸಿದೆ.

“ಯಾರು ಕತ್ತರಿಸಿದ್ದು?”

“ಅ... ಮಾವ.”

ಬೀಗದ ಮಾವನ ಕೈಗೆ ಇಂಥ ನಾಜೂಕು ಬಂದದ್ದು ಯಾವಾಗ! ಉಳಿದ ಮಕ್ಕಳು ಕಾಣುವುದಿಲ್ಲ. ಮಾವನನ್ನು ಕೇಳಿದರೆ, “ಅವರವರ ಮನೆಯವರು ಬೇಗ ಬಂದು ಕರ್ಕೊಂಡು ಹೋದ್ರಮ್ಮ” ಎಂದು ಬೇರೆ ಕಡೆ ನೋಡಿದ. ಜನರಿಗೆ ಛಲ ಸಾಲದು. ಇರಲಿ. ಒಬ್ಬಳಾದರೂ ಕೂತಿದ್ದಾಳೆ, ಅವಳು ನನ್ನ ಮಗಳು.

ಜೂನ್ ೨೬, ಬುಧವಾರ

ಕಿತ್ತುಹೋಗಿದ್ದ ನನ್ನ ರವಿಕೆಯ ಗುಂಡಿಯನ್ನು ಹಿಡಿದುಕೊಂಡು ಕೂತಿದ್ದೆ. ಬಟಾಣಿ ಬಂದು ಸೂಜಿ ಕಸಿದುಕೊಂಡಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ, ಒಂದೇ ಏಟಿಗೆ ಪೋಣಿಸಿದಳು.

“ಯಾರೇ ಕಲಿಸಿದ್ದು?”

ಅಪ್ಪನ ಮುಖ ನೋಡಿದಳು. ಅಪ್ಪ ಬ್ರೆಡ್ಡಿನ ತುಂಡನ್ನು ಚಹಾದಲ್ಲಿ ಅದ್ದುತ್ತಲೇ ಇದ್ದ. ಅದು ಕರಗಿ ಲೋಟದೊಳಗೆ ಬಿತ್ತು.

“ನಾನೇ ಕಲ್ತೆ” ಅಂದಳು.

ದುಡಿಯುವವರ ನಡುವೆ ಬೆಳೆದರೆ ಮಕ್ಕಳು ಹೀಗೆ ತಾವಾಗಿ ಕಲಿಯುತ್ತವೆ. ಮುಂದಿನ ಸಭೆಯಲ್ಲಿ ಇದನ್ನು ಹೇಳಬೇಕು.

ಜುಲೈ ೨, ಮಂಗಳವಾರ

ಮ್ಯಾನೇಜರ್ ಮಾತುಕತೆಗೆ ಕರೆದ. ಸಮಿತಿಯಿಂದ ಕಾರ್ಯದರ್ಶಿ, ನಾನು, ಉದ್ದಕ್ಕ ಹೋದೆವು. ಅವನ ಕೋಣೆಗೆ ಕಿಟಕಿಗಳಿವೆ. ಪರದೆ ಎಳೆದು ಮುಚ್ಚಿಕೊಂಡು ಕೂತಿದ್ದಾನೆ.

ನಾನು ಶುರು ಮಾಡಿದೆ: ಮಕ್ಕಳು ಆಫೀಸಿನ ನೆಲದ ಮೇಲೆ ಬಿದ್ದಿವೆ, ಕಕ್ಕಸಿಲ್ಲ, ಗಾಳಿಯಿಲ್ಲ.

ಅವನು ಪೆನ್ನು ತಿರುಗಿಸುತ್ತ, “ಎಲ್ಲ ಮಕ್ಕಳೂನಾ?” ಅಂದ. “ನಿಮ್ಮ ಸಮಿತಿಯವರದ್ದೇ ಒಂದು ಮಗು ಶಾಲೆ ಹಿಂದಿನ ಬೀದಿಯಲ್ಲಿ ಯಾವುದೋ ಮನೇಲಿ ಹಾಯಾಗಿ ಇರುತ್ತೆ ಅಂತ ನನ್ನ ಕಿವಿಗೆ ಬಿದ್ದಿದೆ. ಹಾಯಾಗಿದ್ರೆ ಒಳ್ಳೇದೇ. ನಂಗೂ ಸಂತೋಷ.”

ಕೆನ್ನೆಗೆ ಹೊಡೆದ ಹಾಗಾಯಿತು. “ಸುಳ್ಳು!” ಎಂದು ಕೂಗಿದೆ. ಪಕ್ಕದಲ್ಲಿದ್ದ ಉದ್ದಕ್ಕನನ್ನು ನೋಡಿದೆ. ಅವಳ ಭುಜ ಇಳಿಯಿತು.

ಹೊರಗೆ ಬಂದ ಮೇಲೂ ನಾನು ಕೇಳಲಿಲ್ಲ. ಕೇಳುವುದಿದ್ದರೆ ಎಲ್ಲರೆದುರು ಕೇಳಬೇಕು. ಇದು ಇಬ್ಬರು ಗೆಳತಿಯರ ವಿಷಯ ಅಲ್ಲ.

ಜುಲೈ ೭, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೈಕು ನನ್ನ ಕೈಯಲ್ಲಿತ್ತು. ಹೊಂಚು ಹಾಕಿದ್ದ ಶತ್ರುವಿಗೆ ನಮ್ಮೊಳಗಿನವರೇ ಬಾಗಿಲು ತೆರೆದರು ಅಂದೆ. ಶಾಲೆಯ ಹಿಂದೆ ಒಂದು ಕಳ್ಳಬಾಗಿಲಿದೆ, ನಮ್ಮ ಒಗ್ಗಟ್ಟು ಆ ಬಾಗಿಲಿನಿಂದ ಸೋರಿಹೋಗುತ್ತಿದೆ ಅಂದೆ. ಯಾರ ಮಗು ಅಲ್ಲಿಗೆ ಹೋಗುತ್ತದೋ ಅವರು ಎದ್ದು ನಿಲ್ಲಲಿ ಅಂದೆ.

ಉದ್ದಕ್ಕ ಎದ್ದಳು.

“ನನ್ನ ಮಗ ಹೋಗ್ತಾನೆ. ಆಫೀಸಲ್ಲಿ ಎರಡು ದಿನ ಇದ್ದ. ಮೂರನೇ ದಿನ ವಾಂತಿ ಮಾಡ್ಕೊಂಡ. ಆಮೇಲೆ ನಾನು ಕಳಿಸಿಲ್ಲ.”

“ಸಮಿತಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಧೈರ್ಯ ಬೇಕು ಅಂತಿದ್ದೆ.”

ಒಂದಿಬ್ಬರು ನಕ್ಕರು. ಆ ನಗು ನನ್ನನ್ನು ಚುಚ್ಚಿತು. “ನನ್ನ ಮಗಳನ್ನ ನೋಡಿ,” ಅಂದೆ. “ಅವಳಿಗೂ ಹೊಟ್ಟೆ ಇದೆ, ಅವಳಿಗೂ ಸೆಕೆ ಆಗುತ್ತೆ. ಇವತ್ತಿಗೂ ಯೂನಿಯನ್ ಆಫೀಸಲ್ಲೇ ಕೂತಿದ್ದಾಳೆ. ಸೂಜಿಗೆ ದಾರ ಪೋಣಿಸೋದನ್ನ ಅಲ್ಲೇ ಕಲ್ತಿದ್ದಾಳೆ!”

ಬೀಗದ ಮಾವ ಬಾಗಿಲ ಬಳಿ ನಿಂತಿದ್ದವನು ಕೆಮ್ಮಿಕೊಂಡು ಹೊರಗೆ ಹೋದ. ಉದ್ದಕ್ಕ ನನ್ನನ್ನೇ ನೋಡಿದಳು. ಅಷ್ಟು ಹೊತ್ತು ಅವಳು ನನ್ನನ್ನು ಯಾವತ್ತೂ ನೋಡಿರಲಿಲ್ಲ. ರೋಲರಿನ ಮುಂದೆ ಅಷ್ಟು ಹೊತ್ತು ನೋಡಿದರೆ ಕೈ ಸುಡುತ್ತದೆ.

“ಇನ್ನೇನಾದ್ರೂ ಹೇಳ್ಬೇಕಾ ನಾನು?” ಅಂದಳು.

“ಏನಿದೆ ಹೇಳೋಕೆ?”

“ಏನಿಲ್ಲ.” ಕೂತಳು.

ಅವಳನ್ನು ಸಮಿತಿಯಿಂದ ತೆಗೆಯುವ ಮಾತನ್ನು ನಾನೇ ಎತ್ತಿದೆ. ಪಾಸಾಯಿತು. ಈ ಸಲ ಚಪ್ಪಾಳೆ ಇರಲಿಲ್ಲ. ಸರಿ ಮಾಡಿದ್ದೇವೆ. ನ್ಯಾಯಕ್ಕೆ ಗೆಳೆತನ ಅಡ್ಡ ಬರಬಾರದು. ಸರಿ ಮಾಡಿದ್ದೇವೆ.

ಜುಲೈ ೮, ಸೋಮವಾರ

ಉದ್ದಕ್ಕ ಮೇಸ್ತ್ರಿಗೆ ಹೇಳಿ ಜೋಡಿ ಬದಲಿಸಿಕೊಂಡಿದ್ದಾಳೆ. ಕೊಳೆ ಬಟ್ಟೆ ವಿಂಗಡಿಸುವ ಕಡೆಗೆ ಹೋದಳು. ಯಾರೂ ತಾವಾಗಿ ಕೇಳಿಕೊಂಡು ಹೋಗದ ಜಾಗ ಅದು. ರಕ್ತ, ಕೀವು, ಔಷಧಿ, ಚಾದರದ ಮಡಿಕೆಯಲ್ಲಿ ಮರೆತ ಸೂಜಿ.

ನನಗೆ ಹೊಸ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ. “ಬಿಡ್ಲಾ ಅಕ್ಕಾ? ಬಿಡ್ಲಾ? ಈಗ ಬಿಡ್ಲಾ?” ಎನ್ನುತ್ತಲೇ ಇರುತ್ತಾಳೆ. ಚಾದರಗಳೆಲ್ಲ ಸೊಟ್ಟ.

ಜುಲೈ ೧೧, ಗುರುವಾರ

ಸೊಟ್ಟ. ಇವತ್ತೂ ಸೊಟ್ಟ.

ಬಟಾಣಿ ಬರುವಾಗ ಕೇಳಿದಳು: “ಅಮ್ಮಾ, ಕಳ್ಳಬಾಗಿಲು ಅಂದ್ರೆ ಕಳ್ಳರು ಇರೋ ಮನೆನಾ?”

“ಯಾರು ಹೇಳಿದ್ದು?”

“ಯಾರೂ ಇಲ್ಲ. ಅಲ್ಲಿ ಕಳ್ಳರು ಇರ್ತಾರಾ?”

“ಇಲ್ಲ.”

“ಮತ್ತೆ ಯಾಕೆ ಹಾಗಂದೆ?”

ಬನ್ನು ಕೊಡಿಸಿದೆ.

ಜುಲೈ ೧೬, ಮಂಗಳವಾರ

ಇವತ್ತು ಮಧ್ಯಾಹ್ನ ಬಾಯ್ಲರ್ ಕೈಕೊಟ್ಟಿತು. ಹಬೆ ಇಲ್ಲದೆ ರೋಲರು ತಣ್ಣಗಾಯಿತು. ರಿಪೇರಿಯವನು ಬಂದು ತಲೆ ಆಡಿಸಿದ ಮೇಲೆ ಮೇಸ್ತ್ರಿ ಎಲ್ಲರನ್ನೂ ಮನೆಗೆ ಕಳಿಸಿದ. ನಾಲ್ಕು ಗಂಟೆಯ ಬಿಸಿಲನ್ನು ಬೀದಿಯಲ್ಲಿ ನಿಂತು ನೋಡಿ ಎಷ್ಟು ಕಾಲವಾಗಿತ್ತೋ! ಬಟಾಣಿಯನ್ನು ಬೇಗ ಕರೆದುಕೊಂಡು ಉದ್ಯಾನಕ್ಕೆ ಹೋಗೋಣ ಎಂದು ಓಡಿದೆ.

ಆಫೀಸಿನ ಬಾಗಿಲಿಗೆ ಬೀಗ.

ಬೀಗದ ಮಾವ ಸೈಕಲ್ ಅಂಗಡಿಯ ಮುಂದೆ ಪೇಪರ್ ಓದುತ್ತಿದ್ದ. ನನ್ನನ್ನು ಕಂಡು ಎದ್ದುನಿಂತ. ಪೇಪರ್ ಕೈಯಿಂದ ಜಾರಿತು.

“ಮಾವಾ, ಬಟಾಣಿ ಎಲ್ಲಿ?”

“ಇವತ್ತು... ನೀನು ಇಷ್ಟು ಬೇಗ...”

“ಮಗು ಎಲ್ಲಿ ಅಂದೆ!”

“ಕೂಗಬೇಡಮ್ಮಾ. ಚೆನ್ನಾಗಿದ್ದಾಳೆ. ದಿನಾ ಆರಕ್ಕೆ ಮುಂಚೆ ನಾನೇ ಹೋಗಿ ಕರ್ಕೊಂಡು ಬರ್ತೀನಿ. ನನ್ನ ಜೊತೆ ಬಾ.”

ಅವನು ಮುಂದೆ, ನಾನು ಹಿಂದೆ. ಶಾಲೆ ದಾಟಿದೆವು. ಹಿಂದಿನ ಬೀದಿಗೆ ತಿರುಗಿದಾಗ ನನ್ನ ಕಾಲು ನಿಧಾನವಾಯಿತು. ಅಷ್ಟರಲ್ಲಿ ಗೊತ್ತಾಗಿತ್ತು. ಉಗುರು, ಬಾಚಿದ ತಲೆ, ಸೂಜಿ, ಎಲ್ಲವೂ ಒಂದರ ಹಿಂದೊಂದು ಬಂದು ನನ್ನೆದುರು ನಿಂತವು. ಇಷ್ಟು ದಿನ ಕಣ್ಣ ಮುಂದೆಯೇ ಇದ್ದವು. ನಾನು ಅವನ್ನು ಭಾಷಣಕ್ಕೆ ಬಳಸಿಕೊಂಡಿದ್ದೆ.

ಬಾಗಿಲು ತೆರೆದೇ ಇತ್ತು. ಅಜ್ಜಿ ಮೆಷಿನ್ನಿನ ಮೇಲೆ ತೂಕಡಿಸುತ್ತಿದ್ದಳು. ಡುಮ್ಮ ಬಟ್ಟೆಯ ಚೂರುಗಳನ್ನು ಬಣ್ಣಬಣ್ಣವಾಗಿ ಗುಡ್ಡೆ ಹಾಕುತ್ತಿದ್ದ. ಬಟಾಣಿ ಕೈಯಲ್ಲಿ ಅಳತೆಕೋಲು ಹಿಡಿದು ಅಜ್ಜಿಯ ಪಕ್ಕ ನೆಟ್ಟಗೆ ನಿಂತಿದ್ದಳು. ಕಾವಲು.

ನನ್ನನ್ನು ನೋಡಿ ಅಮ್ಮ ಬಂದಳೆಂದು ಓಡಿಬರುವ ಮಗು ಗೋಡೆಗೆ ಒತ್ತಿಕೊಂಡಿತು.

“ನಾನಲ್ಲ ಅಮ್ಮಾ, ಅಪ್ಪ ಹೇಳಿದ್ದು” ಅಂದಳು. “ಅಜ್ಜಿನ ಬೈಬೇಡ.”

ಹಿಂದೆ ಹೆಜ್ಜೆಯ ಸದ್ದಾಯಿತು. ಉದ್ದಕ್ಕ. ಅವಳಿಗೂ ಪಾಳಿ ಬೇಗ ಬಿಟ್ಟಿತ್ತಲ್ಲ. ಬಾಗಿಲಲ್ಲಿ ನಿಂತ ನನ್ನನ್ನು ಪಕ್ಕಕ್ಕೆ ಸರಿಸಿ, “ಒಳಗೆ ಬರೋದಾದ್ರೆ ಬಾ, ಇಲ್ಲಾಂದ್ರೆ ದಾರಿ ಬಿಡು” ಅಂದಳು.

“ನಿಂಗೆ ಗೊತ್ತಿತ್ತಾ?”

“ನನ್ನ ಮಗನ ಪಕ್ಕ ಕೂತು ದಿನಾ ಬನ್ನು ತಿನ್ನೋಳು ಯಾರು ಅಂತ ನಂಗೆ ಗೊತ್ತಿರಲ್ವಾ? ನಿನ್ನ ಗಂಡನಿಗೆ ದಾರಿ ತೋರಿಸಿದ್ದೇ ನಾನು. ಒಂದಿನ ಒಲೆ ಬಿಟ್ಟು ಆಫೀಸಿಗೆ ನೋಡೋಕೆ ಹೋದವನು ಮಗೂನ ಎತ್ಕೊಂಡು ಲಾಂಡ್ರಿ ಗೇಟಿಗೆ ಬಂದಿದ್ದ. ಒದ್ದೆ ಬಟ್ಟೇಲಿ ಕೂತಿದ್ದಾಳೆ ಅಕ್ಕಾ, ಏನು ಮಾಡಲಿ ಅಂತ.”

“ಸಭೇಲಿ ಯಾಕೆ ಹೇಳಲಿಲ್ಲ? ಒಂದು ಮಾತು ಅಂದಿದ್ರೆ ಸಾಕಿತ್ತು. ನನ್ನ ಬಾಯಿ ಮುಚ್ಚುತ್ತಿತ್ತು.”

“ಮುಚ್ಚಿದ್ರೆ ಕೋಣೆ ಯಾರು ಕೇಳ್ತಿದ್ರು? ಇಬ್ರನ್ನೂ ತೆಗೆದು ಮ್ಯಾನೇಜರ್ ಕೈಗೆ ಕೊಡ್ಲಾ? ಒಬ್ಬಳಾದ್ರೂ ಉಳೀಲಿ ಅಂದ್ಕೊಂಡೆ.” ಡುಮ್ಮನ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು. “ನೀನು ಮನೇಗೆ ಬಂದು ಕೇಳ್ತೀಯ ಅಂತ ಐದು ದಿನ ಕಾದೆ. ಮಂಗಳವಾರದಿಂದ ಭಾನುವಾರದವರೆಗೂ. ಬೈಯೋಕಾದ್ರೂ ಬರ್ತೀಯ ಅಂತ. ನೀನು ಬಂದದ್ದು ಮೈಕು ಹಿಡ್ಕೊಂಡು.”

ಅಜ್ಜಿ ಯಾವಾಗ ಎಚ್ಚರವಾಗಿದ್ದಳೋ. ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದಳು.

“ಕಳ್ಳಬಾಗಿಲು ನೋಡೋಕೆ ಬಂದ್ಯಾ? ಇದೇ. ಬಣ್ಣ ಹೋಗಿದೆ, ಒತ್ತಿದ್ರೆ ಕಿರುಗುಟ್ಟುತ್ತೆ.”

“ಅಜ್ಜೀ, ನಾನು...”

“ಶುಕ್ರವಾರದವರೆಗೂ ನೋಡ್ಕೋತೀನಿ. ಆಮೇಲೆ ಬೇಡ. ಹೊಲಿಸೋಕೆ ಬರೋರು ಬಾಗಿಲಲ್ಲೇ ನಿಂತು ಕೇಳ್ತಾರೆ, ಯೂನಿಯನ್ನೋರು ನಿಮ್ಮನೆ ಬಗ್ಗೆ ಏನೋ ಅಂದ್ರಂತಲ್ಲ ಅಂತ. ಈ ವಯಸ್ಸಲ್ಲಿ ನಂಗೆ ಇದು ಬೇಕಿತ್ತಾ?”

ತಪ್ಪಾಯಿತು ಅಂದೆ. ಅಜ್ಜಿಯ ಕಿವಿಯ ಹತ್ತಿರ ಹೋಗಿ ಇನ್ನೊಂದು ಸಲ ಅಂದೆ.

“ಅಂದಿದ್ದು ಮೈಕಲ್ಲಿ,” ಅಂದಳು ಅಜ್ಜಿ. “ತಪ್ಪಾಯ್ತು ಅನ್ನೋದು ಕಿವೀಲಿ.”

ಜುಲೈ ೧೭, ಬುಧವಾರ

ಇವನ ಮೇಲೆ ರೇಗಬೇಕೆಂದು ನಿನ್ನೆಯೇ ಎಲ್ಲ ಮಾತು ಜೋಡಿಸಿಟ್ಟಿದ್ದೆ. ಇವನು ರಾತ್ರಿ ಬೇಕರಿಯಲ್ಲೇ ಉಳಿದು ಬೆಳಗಿನ ಒಲೆಯನ್ನೂ ಮುಗಿಸಿ ಬಂದು ಬಾಗಿಲಲ್ಲಿ ನಿಂತಾಗ ಹುಬ್ಬಿನ ಮೇಲೆ ಹಿಟ್ಟಿತ್ತು. ಒಂದೇ ಪ್ರಶ್ನೆ ಕೇಳಿದೆ.

“ನಂಗೆ ಯಾಕೆ ಹೇಳಲಿಲ್ಲ?”

“ಹೇಳಿದೆ. ಕಿಟಕಿ ಇಲ್ಲ ಅಂದೆ. ನೀನು ಘೋಷಣೆ ಕೂಗಿದೆ.”

“ಇನ್ನೊಂದು ಸಲ ಹೇಳ್ಬಹುದಿತ್ತು.”

“ಹೇಳ್ಬಹುದಿತ್ತು,” ಅಂದ. “ಮಗೂಗೆ ಸುಳ್ಳು ಹೇಳೋದು ಕಲಿಸೋದಕ್ಕಿಂತ ಅದು ಸುಲಭ ಆಗಿರಬೇಕಿತ್ತು. ನಂಗೆ ಅದೇ ಕಷ್ಟ ಅನ್ನಿಸ್ತು ನೋಡು.”

ಬಟಾಣಿ ಶಾಲೆಗೆ ಹೋಗುವಾಗ ನನ್ನ ಕೈ ಹಿಡಿಯಲಿಲ್ಲ. ಹಿಡಿಯಲಿ ಎಂದು ಕೈ ಚಾಚಿಕೊಂಡೇ ನಡೆದೆ. ಗೇಟಿನ ಹತ್ತಿರ ತಿರುಗಿ ನೋಡಿದೆ. ಅವಳು ನೋಡುತ್ತಿದ್ದಳು. ಕೈ ಬೀಸಿದೆ. ಸ್ವಲ್ಪ ಹೊತ್ತು ಯೋಚಿಸಿ, ಅವಳೂ ಬೀಸಿದಳು.

ಜುಲೈ ೧೮, ಗುರುವಾರ

ಕಾರ್ಯದರ್ಶಿಯ ಹತ್ತಿರ ಹೋದೆ. ಭಾನುವಾರದ ಸಭೆಯಲ್ಲಿ ನನ್ನ ಮಾತು ಮೊದಲು ಇರಲಿ ಅಂದೆ. ಏನು ಎಂದು ಕೇಳಿದ. ಹೇಳಿದೆ.

ಅವನು ಬಾಗಿಲು ಮುಚ್ಚಿ ಬಂದ. “ತಲೆ ಕೆಟ್ಟಿದೆಯಾ ನಿಂಗೆ? ಮ್ಯಾನೇಜರ್ ಈಗ ತಾನೇ ಉಗ್ರಾಣ ಅಳೆಯೋಕೆ ಜನ ಕಳಿಸ್ತೀನಿ ಅಂದಿದ್ದಾನೆ. ಈ ಹೊತ್ತಲ್ಲಿ ನಿನ್ನ ಮಗಳೇ ಆ ಮನೇಲಿದ್ಲು ಅಂತ ಗೊತ್ತಾದ್ರೆ?”

“ಗೊತ್ತಾಗಲಿ.”

“ಉದ್ದಕ್ಕ ಬಾಯಿ ಬಿಟ್ಟಿಲ್ಲ. ಮಾವ ಬಿಡಲ್ಲ. ನೀನೂ ಸುಮ್ನಿರು. ಕೋಣೆ ಬಂದ ಮೇಲೆ ಅವಳನ್ನ ವಾಪಸ್ ಸಮಿತಿಗೆ ತಗೊಳ್ಳೋಣ.”

ಒಂದು ಗಳಿಗೆ ನನಗೂ ಹಾಗೇ ಅನಿಸಿತು. ಬರೆಯದೆ ಬಿಡಬಹುದಿತ್ತು, ಅನಿಸಿದ್ದು ನಿಜ. ಅವನು ಹೇಳಿದ್ದು ನನ್ನದೇ ಮಾತು. ಕೋಣೆ ಮೊದಲು, ಮನುಷ್ಯರು ಆಮೇಲೆ. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಮ್ಯಾನೇಜರನ ಮಾತಿನ ಹಾಗೇ ಕೇಳಿಸಿತು.

“ಬರಕೋ,” ಅಂದೆ. “ಉದ್ದಕ್ಕನ ಮೇಲಿನ ನಿರ್ಣಯ ರದ್ದು. ಸ್ವಂತ ಏರ್ಪಾಡಿನ ನಿರ್ಣಯ ರದ್ದು. ಅಜ್ಜಿಯ ಮನೆಗೆ ನಾನು ಅಂದ ಮಾತು ವಾಪಸ್. ಕೋಣೆಯ ಬೇಡಿಕೆ ಹಾಗೇ ಇರುತ್ತೆ. ಮಕ್ಕಳು ಒಂದು ಕಡೆ ಚೆನ್ನಾಗಿದ್ದಾರೆ ಅಂತ ಕೋಣೆ ಬೇಡ ಅಂತ ಆಗಲ್ಲ. ಅಷ್ಟು ಹೇಳೋಕೆ ಬಾಯಿ ಇರಲಿಲ್ಲ ನಂಗೆ ಅವತ್ತು. ಮಕ್ಕಳನ್ನ ನೆಲದ ಮೇಲೆ ಮಲಗಿಸಿ ತೋರಿಸಬೇಕು ಅನ್ನಿಸಿತ್ತು.”

“ನಿನ್ನನ್ನ ತೆಗೀತಾರೆ.”

“ತೆಗೀಲಿ. ಅವಳನ್ನ ತೆಗೆದದ್ದು ಅದಕ್ಕೇ ತಾನೆ?”

ಜುಲೈ ೧೯, ಶುಕ್ರವಾರ

ಊಟದ ಬಿಡುವಿನಲ್ಲಿ ಕೊಳೆ ಬಟ್ಟೆಯ ಕಡೆಗೆ ಹೋದೆ. ಉದ್ದಕ್ಕ ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡು ಹಸಿರು ಬಟ್ಟೆ ಬೇರೆ, ಬಿಳಿ ಬಟ್ಟೆ ಬೇರೆ ಎಸೆಯುತ್ತಿದ್ದಳು. ಸಭೆಯ ವಿಷಯ ಹೇಳಿದೆ. ಅವಳು ಎಸೆಯುವುದನ್ನು ನಿಲ್ಲಿಸಲಿಲ್ಲ.

“ಬರ್ತೀಯಾ?”

“ಭಾನುವಾರ ಮನೇಲಿ ಬಟ್ಟೆ ಒಗೀಬೇಕು. ವಾರವೆಲ್ಲ ಊರೋರ ಬಟ್ಟೆ ಒಗ್ದು ನಮ್ದೇ ಕೊಳೆ ಉಳಿದಿದೆ.”

“ನೀನು ಬರಬೇಕು ಅಂತ ಕೇಳ್ತಿಲ್ಲ. ಹೇಳ್ತೀನಿ ಅಂತ ತಿಳಿಸೋಕೆ ಬಂದೆ.”

“ಮೊದಲೇ ಮನೇಗೆ ಬಂದು ಕೇಳಿದ್ರೆ ಇಷ್ಟೆಲ್ಲ ಇರಲಿಲ್ಲ ಕಣೇ” ಅಂದಳು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಸ್ತಾದವರ ದನಿಯಲ್ಲಿ ಅಂದಳು.

“ರೋಲರಿಗೆ ವಾಪಸ್ ಬರ್ತೀಯಾ?”

“ಗೊತ್ತಿಲ್ಲ. ಇಲ್ಲಿ ಒಬ್ಬಳೇ ಮಾಡೋ ಕೆಲಸ. ಯಾರ ಕೈನೂ ನೋಡ್ಬೇಕಿಲ್ಲ.”

ಸಂಜೆ ಅಜ್ಜಿಯ ಮನೆಗೆ ನಾನೇ ಹೋಗಿ ಬಟಾಣಿಯನ್ನು ಕರೆದುಕೊಂಡೆ. ಅವಳು ಅಜ್ಜಿಗೆ ಹೇಳುತ್ತಿದ್ದಳು: “ನಾಳೆಯಿಂದ ನೀನು ನಿದ್ದೆ ಮಾಡ್ಬೇಡ. ಕಾವಲು ಇರಲ್ಲ.” ಅಜ್ಜಿ ಮೆಷಿನ್ನಿಗೆ ಎಣ್ಣೆ ಹಾಕುತ್ತಿದ್ದಳು. ಬಟ್ಟೆಗೆ ಬೀಳದ ಹಾಗೆ ಎಣ್ಣೆ ಹಾಕುವುದು ಅವಳಿಗೆ ಕಣ್ಣು ಕಟ್ಟಿದರೂ ಬರುತ್ತದೆ, ಇವತ್ತು ಚೆಲ್ಲಿತು.

ಸಭೆಯ ವಿಷಯ ಅವಳಿಗೂ ಹೇಳಿದೆ. “ಆ ಮೆಟ್ಟಿಲು ಕಡಿದಾಗಿದೆ ಅಂತಾಳಲ್ಲ ಈ ಮಗು,” ಅಂದಳು. “ನಂಗೆ ಮಂಡಿ ನೋವು.”

“ಮೈಕಿನ ಬಾಯನ್ನ ಕೆಳಗೆ ಬೀದಿಗೆ ಕಟ್ಟಿಸ್ತೀನಿ ಅಜ್ಜಿ.”

“ಕಟ್ಟಿಸು, ನೋಡೋಣ.” ಅಷ್ಟೇ.

ದಾರಿಯಲ್ಲಿ ಬಟಾಣಿ ಕೇಳಿದಳು: “ಸೋಮವಾರ ನಾನು ಎಲ್ಲಿಗೆ ಹೋಗೋದು?”

ಗೊತ್ತಿಲ್ಲ ಅಂದೆ. ಸುಳ್ಳು ಹೇಳುವುದಕ್ಕೆ ಮನಸ್ಸು ಬರಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ನಿನಗೆ ಅನಿಸುತ್ತದೆ ಎಂದು ಕೇಳಿದೆ. ಅವಳು ನಿಂತು ನನ್ನ ಮುಖ ನೋಡಿದಳು. ಕೇಳುತ್ತಿರುವುದು ನಾನೇ ಹೌದೋ ಎಂದು ನೋಡಿದ ಹಾಗಿತ್ತು. “ನಾನು ಕಾವಲು” ಎಂದು ಜೂನ್ ತಿಂಗಳಲ್ಲೇ ಅವಳು ಹೇಳಿಬಿಟ್ಟಿದ್ದಳು. ಮಾರನೆಯ ದಿನದ ಚಪ್ಪಾಳೆಯಲ್ಲಿ ನನಗೆ ಅದು ಕೇಳಿಸಲಿಲ್ಲ.

ಕಾರ್ಯದರ್ಶಿ ಬರೆದುಕೊಂಡಿದ್ದಾನೆ. ಮೊದಲನೆಯ ವಿಷಯ ನನ್ನದು. ಧ್ವನಿವರ್ಧಕ ಬೀದಿಯ ಕಡೆಗೆ.

ಸಭೆ ಜುಲೈ ೨೧, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.